ಒಂದೇ ಮಳೆಗೆ ಎರಡು ಬರಹ

ಕೊಡಗಿನಲ್ಲಿ ಮಳೆಯ ಲೆಕ್ಕ ನಡೆಯುವುದು ಇಂಚು, ಸೆಂಟಿನಲ್ಲಿ. ‘ನಿನ್ನೆ ಎರಡು ಇಂಚು ನಲವತ್ತು ಸೆಂಟು’ ಎಂದರೆ 2.40 ಇಂಚು, ಅಂದರೆ 61 ಮಿಲಿಮೀಟರ್. ತೋಟದ ರೈಟರ್ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ಓದಿ, ಪುಸ್ತಕದಲ್ಲಿ ಬರೆದಿಡುತ್ತಾರೆ. ಅಜ್ಜನ ಕಾಲದ ಮಳೆ ಪುಸ್ತಕವನ್ನು ಇನ್ನೂ ಜೋಪಾನವಾಗಿಟ್ಟ ಮನೆಗಳಿವೆ. ಜನಪ್ರಿಯ ವಿಜ್ಞಾನವನ್ನೂ ವಿಜ್ಞಾನ ಕತೆಯನ್ನೂ ಜೊತೆಯಾಗಿ ಬರೆಯಬೇಕೆಂದು ಇಲ್ಲಿ ಕೂತವರು ಮೊದಲು ಓದಬೇಕಾದ್ದು ಅದನ್ನೇ. ಗೆಲಾಕ್ಸಿಗಳು ಎಲ್ಲಿಗೂ ಹೋಗುವುದಿಲ್ಲ.

ಆ ಪುಸ್ತಕ ಓದುವಾಗ ಎಡವುವ ಜಾಗ ಎರಡು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ‘ಆಗಸ್ಟ್ 16ರ ಮಳೆ’ ಎಂದು ಪಟ್ಟಿಯಲ್ಲಿ ಕಾಣುವುದು 15ರ ಬೆಳಿಗ್ಗೆ 8.30ರಿಂದ 16ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು, ಹೆಚ್ಚಿನ ಪಾಲು 15ರದ್ದೇ ಆಗಿರಬಹುದು. ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಕುಸಿದ ಗಂಟೆಗೂ ಮಳೆಗೂ ನಂಟು ಹಾಕುವ ಲೇಖನದಲ್ಲಿ ಈ ಒಂದು ದಿನದ ವ್ಯತ್ಯಾಸ ಇಡೀ ವಾದವನ್ನೇ ತಲೆಕೆಳಗು ಮಾಡುತ್ತದೆ. ಎರಡನೆಯದು ಗಾಜಿನದ್ದು. ಐದು ಇಂಚು ಬಾಯಿಯ ಮಾಪಕದ ಗಾಜು ಒಡೆದಾಗ ಎಂಟು ಇಂಚಿನ ಮಾಪಕಕ್ಕೆ ಗುರುತು ಹಾಕಿದ ಗಾಜನ್ನು ಬಳಸಿದರೆ, ಬಾಯಿಯ ವಿಸ್ತೀರ್ಣದ ಅಂತರದಿಂದಾಗಿ ಓದು 2.56 ಪಟ್ಟು ಕಡಿಮೆಯಾಗುತ್ತದೆ. ಹತ್ತು ಇಂಚು ಬಿದ್ದಲ್ಲಿ ನಾಲ್ಕು ಇಂಚೂ ಕಾಣದು. ಒಂದು ತೋಟದ ಅಂಕಿ ಒಂದು ವರ್ಷದಿಂದ ಇದ್ದಕ್ಕಿದ್ದಂತೆ ಅಕ್ಕಪಕ್ಕದ ತೋಟಗಳ ಅರ್ಧಕ್ಕಿಂತ ಕೆಳಗಿಳಿದಿದ್ದರೆ, ಹವಾಮಾನ ಬದಲಾವಣೆ ಎಂದು ಬರೆಯುವ ಮೊದಲು ಗಾಜನ್ನು ನೋಡಿ ಬರಬೇಕು.

ನಾನು ನೋಟುಪುಸ್ತಕದ ಪ್ರತಿ ಹಾಳೆಯ ನಡುವೆ ಗೆರೆ ಎಳೆದುಕೊಳ್ಳುತ್ತೇನೆ. ಎಡಗಡೆ ಗೊತ್ತಿರುವುದು: ಅಂಕಿ, ಏಕಮಾನ, ಎಲ್ಲಿಂದ ಬಂತು, ಯಾವ ತಾರೀಖು. ಬಲಗಡೆ ‘ಹೀಗಾದರೆ?’ ಎಂಬ ಪ್ರಶ್ನೆಗಳು ಮಾತ್ರ. ಎಡಗಡೆಯದು ಅಂಕಣಕ್ಕೆ, ಬಲಗಡೆಯದು ಕತೆಗೆ. ಬಲಗಡೆಯ ಸಾಲೊಂದು ಅಂಕಣದೊಳಗೆ ನುಸುಳಿದರೆ ಓದುಗರಿಗೆ ಸುಳ್ಳು ಹೇಳಿದಂತೆ. ಎಡಗಡೆಯದನ್ನೆಲ್ಲ ಕತೆಗೆ ಸುರಿದರೆ ಕತೆ ಪಾಠವಾಗುತ್ತದೆ. ಕನ್ನಡದ ವಿಜ್ಞಾನ ಕತೆಗಳು ಸೊರಗುವುದು ಹೆಚ್ಚಾಗಿ ಈ ಎರಡನೆಯ ಕಾರಣಕ್ಕೆ. ಮೂರನೆಯ ಪುಟದಲ್ಲಿ ಪ್ರೊಫೆಸರ್ ಒಬ್ಬರು ಬಂದು ಎರಡು ಪುಟ ಭಾಷಣ ಮಾಡಿ ಹೋಗುತ್ತಾರೆ; ಆ ಪ್ರೊಫೆಸರನ್ನು ಕತ್ತರಿಸಿ ಅಂಕಣಕ್ಕೆ ಕಳಿಸಿದರೆ ಎರಡೂ ಬರಹ ಬದುಕುತ್ತವೆ.

ಒಂದೇ ವಸ್ತುವಿನಿಂದ ಎರಡೂ ಹೇಗೆ ಹುಟ್ಟುತ್ತವೆ ಎಂಬುದಕ್ಕೆ ಬರೆ ಕುಸಿತವನ್ನೇ ತೆಗೆದುಕೊಳ್ಳೋಣ. 2018ರ ಆಗಸ್ಟಿನ ಭೂಕುಸಿತಗಳ ನಂತರ ಇಲ್ಲಿ ಅದನ್ನು ಬಿಟ್ಟು ಬರೆಯುವುದೇ ಕಷ್ಟ.

ಮೊದಲು ಅಂಕಣ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದು ಇಂಚು 25.4 ಮಿಲಿಮೀಟರ್. ಗುಣಿಸಿದರೆ ಎಕರೆಗೆ ಇಂಚಿಗೆ ಸುಮಾರು 1.03 ಲಕ್ಷ ಲೀಟರ್, ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹತ್ತು. ಹತ್ತು ಇಂಚು ಬಿದ್ದ ದಿನ ಒಂದೊಂದು ಎಕರೆಯ ಮೇಲೂ ಸಾವಿರ ಟನ್ನಿಗಿಂತ ಹೆಚ್ಚು ನೀರು. ಈ ಅಂಕಿ ಓದುಗರನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ದಾರಿ ತಪ್ಪಿಸುವುದೂ ಇದೇ. ‘ನೀರಿನ ಭಾರಕ್ಕೆ ಗುಡ್ಡ ಕುಸಿಯಿತು’ ಎಂದು ಬರೆದು ಮುಗಿಸಿಬಿಡುವ ಆಸೆ ಬರುತ್ತದೆ. ಭಾರ ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯ ಕಾರಣ ಅದಲ್ಲ. ಇಳಿಜಾರಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಕಣಕ್ಕೂ ಕಣಕ್ಕೂ ಇರುವ ಒತ್ತು ಮತ್ತು ಅದರಿಂದ ಹುಟ್ಟುವ ಘರ್ಷಣೆ. ಸಂದುಗಳಲ್ಲಿ ನೀರು ತುಂಬಿ ಅದರ ಒತ್ತಡ ಏರಿದಾಗ ಕಣಗಳು ಒಂದನ್ನೊಂದು ಅಮುಕುವ ಬಲ ತಗ್ಗುತ್ತದೆ, ಘರ್ಷಣೆಯೂ ತಗ್ಗುತ್ತದೆ. ಅದಕ್ಕೇ ಮೊದಲ ದಿನದ ಹತ್ತು ಇಂಚಿಗೆ ಅಲುಗದ ಬರೆ, ವಾರವಿಡೀ ನೆನೆದ ಮೇಲೆ ಮೂರು ಇಂಚಿಗೆ ಜರಿದು ಬರಬಹುದು. ರಸ್ತೆಗೋ ಮನೆಗೋ ಬುಡವನ್ನು ನೆಟ್ಟಗೆ ಕಡಿದಿದ್ದರೆ ಒರಗಲು ಇದ್ದ ಆಸರೆಯೂ ಇಲ್ಲ.

ಇಷ್ಟನ್ನು 650 ಪದಗಳಲ್ಲಿ ಹೇಳಬೇಕು. ಟ್ಯಾಂಕರಿನ ಲೆಕ್ಕಕ್ಕೆ ಎರಡು ವಾಕ್ಯ, ಒತ್ತಡದ ವಿವರಣೆಗೆ ಅರ್ಧ ಲೇಖನ, ತಿರುಗುಮುರುಗಾಗಬಾರದು. ಪದಗಳ ಬಗ್ಗೆಯೂ ಕಟ್ಟುನಿಟ್ಟು ಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಭಾರಿ ಮಳೆ’ 24 ಗಂಟೆಗೆ 64.5ರಿಂದ 115.5 ಮಿಲಿಮೀಟರ್, ‘ಅತಿ ಭಾರಿ’ 115.6ರಿಂದ 204.4, ಅದರ ಮೇಲಿನದಕ್ಕೆ ಇನ್ನೊಂದು ದರ್ಜೆ. ಮೇಘಸ್ಫೋಟ ಎನ್ನಬೇಕಾದರೆ ಇಪ್ಪತ್ತು ಮೂವತ್ತು ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಗಂಟೆಗೆ 100 ಮಿಲಿಮೀಟರ್ ಬಿದ್ದಿರಬೇಕು. ದಿನವಿಡೀ ಜಡಿ ಹಿಡಿದ ಮಳೆಯನ್ನು ಮೇಘಸ್ಫೋಟ ಎಂದು ಕರೆದ ಲೇಖನವನ್ನು ಬಲ್ಲವರು ಅಲ್ಲಿಗೇ ಮಡಚಿಡುತ್ತಾರೆ. ಬರೆಯೊಳಗಿಂದ ನೀರು ಸಿಡಿದದ್ದನ್ನು ಊರವರು ಜಲಸ್ಫೋಟ ಅನ್ನುತ್ತಾರೆ, ಅದು ಬೇರೆ ಸಂಗತಿ. ಎರಡನ್ನೂ ಒಂದೇ ಲೇಖನದಲ್ಲಿ ಬಳಸಿದರೆ ಯಾವುದು ಯಾವುದೆಂದು ಮೊದಲ ಸಲವೇ ಹೇಳಿಬಿಡಬೇಕು.

ಇನ್ನು ಕತೆ. ಬಲಗಡೆಯ ಪ್ರಶ್ನೆ: ಬರೆಯೊಳಗಿನ ನೀರಿನ ಒತ್ತಡ ಅಳೆದು, ಆರು ಗಂಟೆ ಮೊದಲೇ ಸೈರನ್ ಊದುವ ಯಂತ್ರ ಬಂದರೆ? ಇಂಥ ಯಂತ್ರ ಬಂತು, ಊರು ಉಳಿಯಿತು ಎಂದು ಬರೆದರೆ ಅದು ಜಾಹೀರಾತು. ಇಲ್ಲಿ ಲೆಕ್ಕ ಹಾಕಬೇಕು. ಯಂತ್ರ ನೂರರಲ್ಲಿ 99 ಸಲ ಸರಿ ಎಂದುಕೊಳ್ಳೋಣ. ಒಂದು ಬರೆ ಸಾವಿರ ಮಳೆದಿನಗಳಲ್ಲಿ ಒಂದು ದಿನ ಮಾತ್ರ ಜರಿಯುತ್ತದೆ ಎಂದೂ ಇಟ್ಟುಕೊಳ್ಳೋಣ. ಆ ಒಂದು ದಿನ ಸೈರನ್ ಬಹುಮಟ್ಟಿಗೆ ಖಂಡಿತ ಊದುತ್ತದೆ. ಉಳಿದ 999 ದಿನಗಳಲ್ಲಿ ನೂರಕ್ಕೊಂದರಂತೆ ಸುಮಾರು ಹತ್ತು ಸಲ ಸುಮ್ಮನೆ ಊದುತ್ತದೆ. ಒಟ್ಟು ಹನ್ನೊಂದು ಸೈರನ್, ನಿಜವಾದದ್ದು ಒಂದು. ವರ್ಷಕ್ಕೆ 120 ಮಳೆದಿನ ಹಿಡಿದರೆ ಸಾವಿರ ದಿನ ಎಂದರೆ ಎಂಟು ವರ್ಷಕ್ಕೂ ಮೇಲೆ. ಪ್ರತಿ ವರ್ಷ ಒಂದು ಅಥವಾ ಎರಡು ಸಲ ದನ ಬಿಚ್ಚಿ, ಮುದುಕರನ್ನು ಎತ್ತಿಕೊಂಡು ಪರಿಹಾರ ಕೇಂದ್ರಕ್ಕೆ ಹೋಗಿ ಬರುವುದು. ಸಾಹುಕಾರರಿಗೆ ಜೀಪಿದೆ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿರುವವರಿಗೆ ಅಂದಿನ ಕೂಲಿ ಹೋಯಿತು. ಆರನೆಯ ಸೈರನ್ನಿಗೆ ಯಾರು ಏಳುತ್ತಾರೆ, ಯಾರು ಮಗ್ಗುಲು ಬದಲಿಸುತ್ತಾರೆ? ಮೇಸ್ತ್ರಿ ಬಂದು ಬಾಗಿಲು ಬಡಿದಾಗ ‘ಹೋದ ಸಲದ ಕೂಲಿ ಕೊಟ್ಟರಾ ಅಣ್ಣ?’ ಎಂದು ಒಳಗಿನಿಂದ ಒಂದು ಹೆಂಗಸು ಕೇಳಿದರೆ ಕತೆ ಅಲ್ಲಿಂದ ಓಡತೊಡಗುತ್ತದೆ. ಯಂತ್ರದ ನಿಖರತೆ 99.9 ಆದರೆ ಸುಳ್ಳು ಸೈರನ್ ಒಂದು, ನಿಜವಾದದ್ದು ಒಂದು. ಅದು ಬೇರೆಯದೇ ಕತೆ. ಅಂಕಿ ಬದಲಾದರೆ ಪಾತ್ರಗಳ ನಡತೆಯೂ ಬದಲಾಗುವುದು ವಿಜ್ಞಾನ ಕತೆಗೆ ವಿಶೇಷವಾಗಿ ಸಿಕ್ಕಿದ ಅನುಕೂಲ. ಲೆಕ್ಕ ಹಾಕದೆ ಬರೆಯುವವರು ಅದನ್ನು ಕೈಯಾರೆ ಬಿಟ್ಟುಕೊಡುತ್ತಾರೆ.

ಕತೆಗೆ ಒಂದೇ ಒಂದು ಸುಳ್ಳು ಸಾಕು ಎಂಬುದು ನನ್ನ ನಿಯಮ. ಮೇಲಿನದರಲ್ಲಿ ಸುಳ್ಳು ಆ ಯಂತ್ರ. ಬಾಕಿ ಎಲ್ಲ, ಅಂದರೆ ಮಳೆಯ ಇಂಚು, ರಸ್ತೆಯ ತಿರುವು, ಕರೆಂಟು ಹೋಗುವ ಹೊತ್ತು, ಇದ್ದಂತೆಯೇ ಇರಬೇಕು. ಆ ಒಂದು ಸುಳ್ಳು ನಿಜಕ್ಕೂ ಸುಳ್ಳೇ ಎಂಬುದನ್ನೂ ನೋಡಿಕೊಳ್ಳಬೇಕು. ಕಾಫಿ ನಾಡಿನ ಬರಹಗಾರರಿಗೆ ತಪ್ಪದೆ ಹೊಳೆಯುವ ಕತೆ ಒಂದಿದೆ: ಅರೇಬಿಕಾ ಮತ್ತು ರೋಬಸ್ಟಾಗಳನ್ನು ಮೊಟ್ಟಮೊದಲು ಬೆಸೆಯುವ ವಿಜ್ಞಾನಿ. ಆ ಬೆಸುಗೆ ಟಿಮೋರ್ ದ್ವೀಪದಲ್ಲಿ ತಾನಾಗಿಯೇ ಆಗಿದೆ, ಅದರಿಂದ ಬಂದ ತಳಿಗಳು ತೋಟಗಳಲ್ಲೇ ಇವೆ. ಅರೇಬಿಕಾಕ್ಕೆ 44 ವರ್ಣತಂತು, ರೋಬಸ್ಟಾಕ್ಕೆ 22; ಅರೇಬಿಕಾ ಹುಟ್ಟಿದ್ದೇ ರೋಬಸ್ಟಾ ಜಾತಿ ಇನ್ನೊಂದು ಕಾಡು ಕಾಫಿಯೊಡನೆ ಬೆರೆತು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರ ಮುಂದೆ ಇಂಥ ಕತೆ ಇಟ್ಟರೆ ಅವರು ಮರ್ಯಾದೆಗೆ ನಗದೆ ಇರಬಹುದು, ಅಷ್ಟೆ.

ಜೇನು ಮಾಯವಾಗುವ ಕತೆಯಲ್ಲೂ ಹೀಗೇ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ಹೆಜ್ಜೇನು, ತುಡುವೆ ಎರಡೂ ಅಳಿದವು ಎಂದು ಕಲ್ಪಿಸಿದರೂ ಕಾಫಿಯೇ ಇಲ್ಲವಾಗುವುದಿಲ್ಲ. ರೋಬಸ್ಟಾ ತೋಟದವರ ಫಸಲು ಕುಗ್ಗುತ್ತದೆ, ಮೇಲಿನ ಅರೇಬಿಕಾ ತೋಟದವರು ತಕ್ಕಮಟ್ಟಿಗೆ ಪಾರಾಗುತ್ತಾರೆ. ಅಣ್ಣನದು ರೋಬಸ್ಟಾ, ತಮ್ಮನದು ಅರೇಬಿಕಾ ಎಂದಿಟ್ಟುಕೊಂಡರೆ ಜಗಳ ತಾನಾಗಿ ಬರುತ್ತದೆ. ಹೂಮಳೆಯ ಲೆಕ್ಕವೂ ತಪ್ಪಬಾರದು: ಫೆಬ್ರವರಿ–ಮಾರ್ಚಿನಲ್ಲಿ ಒಂದು, ಒಂದೂವರೆ ಇಂಚು ಬಿದ್ದು ಏಳೆಂಟು ದಿನಕ್ಕೆ ರೋಬಸ್ಟಾ ಅರಳುತ್ತದೆ. ಮಳೆಯ ಮರುದಿನವೇ ತೋಟ ಬೆಳ್ಳಗಾಯಿತು ಎಂದು ಬರೆದವರು ಈ ಕಡೆಯವರಲ್ಲ.

ಊರಿಗೂ ಎತ್ತರಕ್ಕೂ ಸಂಬಂಧಿಸಿದ ಸಣ್ಣ ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಮೊದಲೇ ಮಾಡಿಟ್ಟುಕೊಂಡರೆ ಒಳ್ಳೆಯದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಮೇಲಿದೆ. ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 87ರಷ್ಟು, ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. ಪ್ರಯೋಗಾಲಯವನ್ನು ಮಡಿಕೇರಿಯಲ್ಲಿಟ್ಟು ತೆರೆದ ಪಾತ್ರೆಯ ನೀರನ್ನು ನೂರು ಡಿಗ್ರಿಗೆ ಕುದಿಸಿದರೆ ಹೈಸ್ಕೂಲ್ ಮೇಷ್ಟ್ರ ಕಾಗದ ಬರುತ್ತದೆ. ಮಂಗಳನ ಕತೆಯಾದರೆ ಮಾತುಕತೆಯೇ ತೊಡಕು. ಮಂಗಳ ಅತಿ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿಲೋಮೀಟರ್, ಅತಿ ದೂರದಲ್ಲಿ 40 ಕೋಟಿ. ರೇಡಿಯೊ ಅಲೆಗೆ ಒಂದು ಕಡೆಗೆ ಮೂರು ನಿಮಿಷದಿಂದ 22 ನಿಮಿಷ ಬೇಕು. ವಿರಾಜಪೇಟೆಯಿಂದ ಮಗಳು ‘ಅಪ್ಪಾ, ಊಟ ಆಯ್ತಾ?’ ಎಂದರೆ ‘ಆಯ್ತು ಮಗಾ’ ಬರಲು ಕಡಿಮೆಯೆಂದರೆ ಆರು ನಿಮಿಷ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಹಾಗಾಗಿ ಅದು ಫೋನಿನ ಕತೆಯಾಗದೆ ಓಲೆಯ ಕತೆಯಾಗಬೇಕು. ಭೌತಶಾಸ್ತ್ರವೇ ರೂಪವನ್ನು ತೀರ್ಮಾನಿಸಿಬಿಟ್ಟಿತು.

ಯಂತ್ರಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಕು. ಇಂಗ್ಲಿಷ್ ವಿಜ್ಞಾನ ಕತೆಗಾರ ಆರ್ಥರ್ ಸಿ. ಕ್ಲಾರ್ಕ್ 1945ರ ಅಕ್ಟೋಬರಿನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಭೂಸ್ಥಿರ ಕಕ್ಷೆಯ ಮೂರು ನಿಲ್ದಾಣಗಳಿಂದ ಇಡೀ ಭೂಮಿಗೆ ಪ್ರಸಾರ ಮಾಡಬಹುದೆಂದು ಲೆಕ್ಕ ಸಹಿತ ಬರೆದರು. ಕಕ್ಷೆ ಸರಿಯಾಗಿತ್ತು, 1964ರಲ್ಲಿ ಸಂಪರ್ಕ ಉಪಗ್ರಹ ಸಿನ್‌ಕಾಮ್ 3 ಅಲ್ಲಿಗೆ ಹೋಯಿತು. ಆದರೆ ಅವರು ಕಲ್ಪಿಸಿದ ನಿಲ್ದಾಣದಲ್ಲಿ ಮನುಷ್ಯರು ವಾಸವಿದ್ದರು. ಟ್ರಾನ್ಸಿಸ್ಟರ್ ಬಂದದ್ದು 1947ರ ಕೊನೆಗೆ. ವಾಲ್ವುಗಳ ಕಾಲದ ಪ್ರಸಾರಯಂತ್ರವನ್ನು ನೋಡಿಕೊಳ್ಳಲು ಜನ ಬೇಡವೇ! ನಿಯಮ ಹಳತಾಗುವುದು ನಿಧಾನ, ಉಪಕರಣ ಹಳತಾಗುವುದು ಬೇಗ. ಹೀಗಾಗಿ ಕತೆಯಲ್ಲಿ ದೂರ, ತಾಪ, ಹೊತ್ತು ಇವುಗಳನ್ನು ಧೈರ್ಯವಾಗಿ ಅಂಕಿಯಲ್ಲಿ ಕೊಡುತ್ತೇನೆ. ಫೋನಿನ ಮಾದರಿ, ಕಂಪ್ಯೂಟರಿನ ನೆನಪಿನ ಗಾತ್ರ ಕೊಡುವುದಿಲ್ಲ.

ಹೆಸರಿನದ್ದು ಕೊಡಗಿಗೇ ವಿಶೇಷವಾದ ತೊಂದರೆ. ಇಲ್ಲಿ ಮನೆಹೆಸರು ಹೇಳಿದರೆ ಕುಲದ ಮೂಲಮನೆಯಾದ ಐನ್‌ಮನೆ ಎಲ್ಲಿ, ಯಾವ ಊರು ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ಪಾತ್ರಕ್ಕೆ ಮನೆಹೆಸರು ಹೊಸೆದರೂ ಅದು ಎಲ್ಲೋ ಒಂದು ಒಕ್ಕದ್ದು, ಅಂದರೆ ಕುಲದ್ದು, ಆಗಿರುವ ಸಂಭವವಿದೆ. ಬರಿಯ ಹೆಸರಿಟ್ಟು ಬಿಡುವುದೇ ಕ್ಷೇಮ. ಮನೆ ಕಳೆದುಕೊಂಡವರ ಊರನ್ನು ಕತೆಯಲ್ಲಿ ನೇರವಾಗಿ ಬಳಸಬಾರದು. ನದಿ, ದಿಕ್ಕು, ಎತ್ತರ ಇಟ್ಟುಕೊಂಡು ಹೆಸರು ಬದಲಿಸಿದರೆ ವಿಜ್ಞಾನಕ್ಕೇನೂ ಕುಂದಾಗದು.

ನಂಬಿಕೆಗಳ ಬಗ್ಗೆ ಅಂಕಣ ಬರೆಯುವ ಪ್ರಸಂಗ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಎಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ಪಾಯಸ. ಸೊಪ್ಪು ಬೇಯಿಸಿದ ನೀರು ನೇರಳೆಯಾಗುವುದು, ಉಂಡ ಮೇಲೆ ಮೂತ್ರಕ್ಕೆ ಬಣ್ಣ ಬರುವುದು ಯಾರಾದರೂ ನೋಡಬಹುದಾದ ಸಂಗತಿ, ಅದನ್ನು ಬರೆಯಬಹುದು. ಆ ದಿನ ಅದರಲ್ಲಿ ಹದಿನೆಂಟು ಮದ್ದಿನ ಗುಣ ಕೂಡುತ್ತದೆ ಎಂಬುದು ನಂಬಿಕೆ, ಹಾಗೆಂದೇ ಬರೆಯಬೇಕು. ಪರೀಕ್ಷಿಸಬೇಕಾದರೆ ಏನು ಮಾಡಬೇಕೆಂದು ಹೇಳುವುದು ಅಂಕಣದ ಕೆಲಸ: ಅದೇ ಗಿಡದ ಸೊಪ್ಪನ್ನು ಹದಿನೆಂಟರ ಹಿಂದೆ ಮುಂದೆ ಹಲವು ದಿನ ಕೊಯ್ದು, ಒಂದೇ ತೂಕ, ಒಂದೇ ಅಳತೆಯ ನೀರಿನಲ್ಲಿ ಬೇಯಿಸಿ, ಯಾವುದು ಯಾವ ದಿನದ್ದೆಂದು ಅಳೆಯುವವರಿಗೆ ತಿಳಿಸದೆ ಅಳೆಯಬೇಕು. ಗೇಲಿ ಮಾಡಿದರೂ ಕೊಂಡಾಡಿದರೂ ಓದುಗ ಏನೂ ಕಲಿಯುವುದಿಲ್ಲ.

ಯಾವುದನ್ನು ಮೊದಲು ಬರೆಯಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಅಂಕಣ. ಅಂಕಣ ಗಡುವಿನ ಶಿಸ್ತು ಕಲಿಸುತ್ತದೆ, ಸಂಶೋಧಕರ ಪರಿಚಯ ಮಾಡಿಸುತ್ತದೆ, ಎಡಗಡೆಯ ಹಾಳೆಯನ್ನು ತುಂಬಿಸುತ್ತದೆ. ಐಸಾಕ್ ಅಸಿಮೊವ್ 1958ರ ನವೆಂಬರಿನಿಂದ ಒಂದೇ ಕಥಾ ಮಾಸಿಕಕ್ಕೆ 399 ವಿಜ್ಞಾನ ಪ್ರಬಂಧ ಬರೆದರು. ಕತೆಗಾರನೆಂದು ಹೆಸರಾದ ಮೇಲೂ ಅದನ್ನು ಬಿಡಲಿಲ್ಲ. ನಮ್ಮ ಕಡೆಯ ಜಿ.ಟಿ. ನಾರಾಯಣ ರಾವ್ 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಗಣಿತ ಪಾಠ ಮಾಡಿ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನದ ಸಂಪಾದಕರಾಗಿದ್ದವರು. ಕತೆಯ ಹಂಗಿಲ್ಲದೆ ಖಗೋಳವನ್ನು ಕನ್ನಡದಲ್ಲಿ ಹೇಳುವುದು ಹೇಗೆಂದು ನೋಡಲು ಅವರ ಪುಸ್ತಕಗಳಿವೆ. ಜಯಂತ ನಾರ್ಳೀಕರ್ ತದ್ವಿರುದ್ಧ ದಾರಿಯಲ್ಲಿ ಬಂದರು. ಖಭೌತ ವಿಜ್ಞಾನಿಯೆಂದು ಪ್ರಸಿದ್ಧರಾಗಿದ್ದರೂ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ ಎಂಬ ಹುಸಿ ಹೆಸರಲ್ಲಿ ಕತೆ ಕಳಿಸಿದರು, ತಮ್ಮದೇ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ. ಬಹುಮಾನ ಬಂದದ್ದು ಕತೆಗೆ, ಪ್ರಸಿದ್ಧಿಗಲ್ಲ. ಮುಂದೆ 1996ರಲ್ಲಿ ವಿಜ್ಞಾನ ಪ್ರಸಾರಕ್ಕೆ ಕೊಡುವ ಯುನೆಸ್ಕೊದ ಕಳಿಂಗ ಪ್ರಶಸ್ತಿಯೂ ಅವರಿಗೆ ಬಂತು. ಕ್ಲಾರ್ಕ್ ಅದನ್ನು 1961ರಲ್ಲೇ ಪಡೆದಿದ್ದರು.

ಸಂಭಾವನೆಯಿಂದ ಸಂಸಾರ ಸಾಗದು. ಈ ಕೆಲಸ ಮಾಡುವವರ ಹಿಂದೆ ತೋಟವೋ ಮೇಷ್ಟ್ರುಗಿರಿಯೋ ಪಿಂಚಣಿಯೋ ಇದ್ದೇ ಇರುತ್ತದೆ.

ಕಳಿಸುವ ಹೊತ್ತು ನಮಗೆ ಅನಾನುಕೂಲವಾದದ್ದು. ದೀಪಾವಳಿ ವಿಶೇಷಾಂಕಗಳಿಗೆ ಕತೆ ಸಿದ್ಧವಾಗಬೇಕಾದ್ದು ಮಳೆಗಾಲದಲ್ಲೇ, ಕರೆಂಟೂ ನೆಟ್ಟೂ ಎರಡೂ ಕೈಕೊಡುವ ತಿಂಗಳುಗಳಲ್ಲಿ. ಮೇ ತಿಂಗಳೊಳಗೆ ಕರಡು ಮುಗಿಸಿ, ಜೂನಿನಲ್ಲಿ ಕಾಗದದ ಮೇಲೆ ಮುದ್ರಿಸಿಟ್ಟುಕೊಂಡರೆ ತಿದ್ದುವುದಕ್ಕೆ ಕರೆಂಟು ಬೇಡ. ಆಕಾಶವಾಣಿಗೆ ಬರೆಯುವುದಾದರೆ ಹತ್ತು ನಿಮಿಷಕ್ಕೆ 900, 950 ಪದ ಮೀರಬಾರದು. ಕೇಳುವವರು ಹಿಂದಿನ ಸಾಲಿಗೆ ಹೋಗಲಾರರು. 4,047 ಅನ್ನು ‘ನಾಲ್ಕು ಸಾವಿರ’ ಎನ್ನಬೇಕು, ಒಂದು ಭಾಷಣಕ್ಕೆ ನಾಲ್ಕೈದು ಅಂಕಿ ಸಾಕು.

ಮುದ್ರಣದಲ್ಲಿ ಹಾಳಾಗುವುದು ಮುಖ್ಯವಾಗಿ ಅಂಕಿಗಳೇ. ಯುನಿಕೋಡಿನಲ್ಲಿ ಟೈಪು ಮಾಡಿದ್ದನ್ನು ಪುಟವಿನ್ಯಾಸಕ್ಕಾಗಿ ಹಳೆಯ ನುಡಿ, ಬರಹ ಫಾಂಟುಗಳಿಗೆ ಪರಿವರ್ತಿಸುವಾಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಅದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದೆ ಹೋಗುವುದು ಘಾತಾಂಕ. ಹತ್ತರ ಆರನೇ ಘಾತ 106 ಆಗಿ ಕೂರುತ್ತದೆ, ಓದಿದವರಿಗೆ ಅನುಮಾನವೇ ಬರುವುದಿಲ್ಲ. ಋಣ ಚಿಹ್ನೆ ಮಾಯವಾಗಿ ಮಂಗಳನ ಮೈನಸ್ ಅರವತ್ತು ಡಿಗ್ರಿ ಬರೀ ಅರವತ್ತಾಗುತ್ತದೆ. ಅದಕ್ಕೇ ಘಾತವನ್ನು ಬಿಟ್ಟು ಲಕ್ಷ, ಕೋಟಿಯಲ್ಲಿ ಬರೆಯಬೇಕು, ‘ಸೊನ್ನೆಗಿಂತ 60 ಡಿಗ್ರಿ ಕೆಳಗೆ’ ಎಂದು ಅಕ್ಷರದಲ್ಲಿ ಹೇಳಬೇಕು. ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ನೂರು ಕೋಟಿ, ಟ್ರಿಲಿಯನ್ ಲಕ್ಷ ಕೋಟಿ. ಒಂದು ಜ್ಯೋತಿರ್ವರ್ಷ 9.46 ಲಕ್ಷ ಕೋಟಿ ಕಿಲೋಮೀಟರ್. ಕರಡು ತಿದ್ದುವಾಗ ಒಮ್ಮೆ ಅಕ್ಷರಗಳಿಗಾಗಿ ಓದಿ, ಇನ್ನೊಮ್ಮೆ ಬರೀ ಅಂಕಿಗಳನ್ನು ನೋಟುಪುಸ್ತಕದ ಎಡಗಡೆಗೆ ಹೋಲಿಸಿ ನೋಡಬೇಕು. ಎರಡನ್ನೂ ಒಂದೇ ಓದಿನಲ್ಲಿ ಮಾಡಲು ಹೋದರೆ ಅಂಕಿ ತಪ್ಪಿಸಿಕೊಳ್ಳುತ್ತದೆ.

ಪುಸ್ತಕ ಮಾಡುವಾಗ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು, ಅದರ ಲೆಕ್ಕ ಗೊತ್ತಿರಬೇಕು. ಡೆಮಿ 1/8 ಅಳತೆಯಲ್ಲಿ ಫಾರಂಗೆ 16 ಪುಟ, ಪುಟಕ್ಕೆ 220ರಷ್ಟು ಪದ. ಮೂರು ಸಾವಿರ ಪದದ ಕತೆ ಹದಿಮೂರು, ಹದಿನಾಲ್ಕು ಪುಟ. ಹತ್ತು ಕತೆ ಮತ್ತು ಮುನ್ನುಡಿ ಸೇರಿ 144 ಪುಟಕ್ಕೆ, ಒಂಬತ್ತು ಫಾರಂಗೆ ಬಂದು ನಿಲ್ಲುತ್ತದೆ. ಕತೆಗಳನ್ನೂ ಪ್ರಬಂಧಗಳನ್ನೂ ಒಂದೇ ರಟ್ಟಿನೊಳಗೆ ಹಾಕಬೇಡಿ. ಗ್ರಂಥಾಲಯದವರಿಗೆ ಯಾವ ಕಪಾಟಿಗೆ ಎಂದು ತಿಳಿಯದೆ ಎರಡರಲ್ಲೂ ಇಲ್ಲವಾಗುತ್ತದೆ. ಕರಾರಿನಲ್ಲಿ ಅವಧಿ ಬರೆಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ, ಹಕ್ಕನ್ನು ವಹಿಸಿಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದು ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ತಿಳಿಯಲಾಗುತ್ತದೆ. ಆಡಿಯೊ ಮತ್ತು ಇ–ಪುಸ್ತಕದ ಹಕ್ಕನ್ನು ಬೇರೆ ಸಾಲಿನಲ್ಲಿ ಬರೆಸುವುದು ಲೇಸು.

ಮರುಮುದ್ರಣದ ಹೊತ್ತಿಗೆ ಎರಡೂ ಬಗೆಯ ಪುಸ್ತಕಗಳ ದಾರಿ ಬೇರೆಯಾಗುತ್ತದೆ. ಪ್ರಬಂಧಗಳ ಒಂದು ಪ್ರತಿಯನ್ನು ತಿದ್ದುಪಡಿಗೆಂದೇ ಇಟ್ಟು, ಹೊಸ ಸಂಗತಿ ಬಂದಾಗಲೆಲ್ಲ ಅಂಚಿನಲ್ಲಿ ತಾರೀಖು ಸಹಿತ ಗುರುತು ಹಾಕಬೇಕು. 2006ರ ಆಗಸ್ಟ್ 24ರಂದು ಪ್ಲುಟೊ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. 2019ರ ಮೇ 20ರಿಂದ ಕಿಲೋಗ್ರಾಮಿನ ವ್ಯಾಖ್ಯೆ ಪ್ಯಾರಿಸ್ ಬಳಿ ಇಟ್ಟಿದ್ದ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿತು. 2023ರ ಆಗಸ್ಟ್ 23ರಂದು ಚಂದ್ರಯಾನ–3 ಇಳಿಯಿತು. ಇವನ್ನೆಲ್ಲ ತಿದ್ದದೆ ಹಳೆಯ ಪ್ರಬಂಧವನ್ನು ಮತ್ತೆ ಮುದ್ರಿಸುವುದು ತಪ್ಪು. ಕತೆಯನ್ನು ಮುಟ್ಟಬಾರದು. ಪ್ರತಿ ಕತೆಯ ಕೆಳಗೆ ಬರೆದ ಇಸವಿ ಹಾಕಿದ್ದರೆ ಸಾಕು. ಒಂಬತ್ತು ಗ್ರಹ ಯಾಕಿವೆ ಎಂದು ಕೇಳುವವರಿಗೆ ಆ ಇಸವಿಯನ್ನು ತೋರಿಸಬಹುದು.